ಸಭೆ ಎರಡಾಗಿದೆ, ಮತ್ತೆ ಒಂದಾಗೋದು ಹೇಗೆ?

ಪ್ರಶ್ನೆ: ನಮ್ಮದು ಮೂಡಿಗೆರೆ ಕಡೆಯ ಸಣ್ಣ ಕ್ರೈಸ್ತ ಸಭೆ (ಚರ್ಚ್), ಸುಮಾರು 60 ಮನೆ. ಎರಡು ವರ್ಷದ ಹಿಂದೆ ಸಭೆಯ ಹಾಲ್ ಕಟ್ಟಿದ ಲೆಕ್ಕದ ವಿಷಯಕ್ಕೆ ಕಮಿಟಿಯಲ್ಲಿ ಮಾತಿಗೆ ಮಾತು ಬೆಳೆಯಿತು. ಅದೇ ಹೊತ್ತಿಗೆ ಎಸ್ಟೇಟ್ ಲೈನಿನ (ತೋಟದ ಕೆಲಸಗಾರರ ಮನೆಸಾಲಿನ) ತಮಿಳು ಕುಟುಂಬದವರು ಆರಾಧನೆಯಲ್ಲಿ ಒಂದಾದರೂ ತಮಿಳು ಹಾಡು ಇರಲಿ ಎಂದು ಕೇಳಿದರು, ಹಿರಿಯರು ಆಗಲ್ಲ ಅಂದರು. ಈಗ ಇಪ್ಪತ್ತು ಮನೆಯವರು ಬೇರೆಯಾಗಿ ಒಬ್ಬರ ಮನೆಯಲ್ಲಿ ಭಾನುವಾರದ ಆರಾಧನೆ ಮಾಡುತ್ತಾರೆ. ಕಳೆದ ತಿಂಗಳು ನಮ್ಮ ದೊಡ್ಡಮ್ಮ ತೀರಿಕೊಂಡಾಗ ಆ ಕಡೆಯವರು ಸ್ಮಶಾನದ ಗೇಟಿನ ಹೊರಗೇ ನಿಂತಿದ್ದರು. ನನ್ನ ನಾದಿನಿ ಆ ಗುಂಪಿನಲ್ಲಿ, ನಾನು ಈ ಗುಂಪಿನಲ್ಲಿ. ಹೊಸ ಪಾಸ್ಟರ್ "ಎಲ್ಲ ಮರೆತು ಒಂದಾಗೋಣ" ಎಂದು ಪ್ರಾರ್ಥನಾ ಕೂಟ ಇಟ್ಟರು. ಆ ಕಡೆಯವರು ಒಬ್ಬರೂ ಬರಲಿಲ್ಲ. ನಾನು ಸ್ತ್ರೀಯರ ಕೂಟದ ಸೆಕ್ರೆಟರಿ. ಎಲ್ಲಿಂದ ಶುರು ಮಾಡಬೇಕು? (ಹೆಸರು ಬೇಡ)

ಉತ್ತರ: ವಂದನೆಗಳು ಸಹೋದರಿ. ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಯ ಸಭೆಗಳಲ್ಲಿ ಸೇವೆ ಮಾಡಿದವನು ನಾನು, ಇಂಥ ಒಡಕುಗಳ ನಡುವೆ ಕೂತು ಮಾತಾಡಿಸುವ ಕೆಲಸವೇ ನನಗೆ ಜಾಸ್ತಿ ಸಿಕ್ಕಿತು. ನೀವು ಬರೆದದ್ದರಲ್ಲಿ ನನ್ನನ್ನು ತುಂಬ ಕಾಡಿದ್ದು ಸ್ಮಶಾನದ ಗೇಟಿನ ಮಾತು. ಆದರೆ ಒಂದು ವಿಷಯ ಗಮನಿಸಿ. ಅವರು ಮನೆಯಲ್ಲಿ ಕೂರಲಿಲ್ಲ, ಗೇಟಿನವರೆಗೆ ಬಂದರು. ಸಂಬಂಧ ಪೂರ್ತಿ ಕಡಿದುಕೊಂಡವರು ಅಷ್ಟು ದೂರ ಬರುವುದಿಲ್ಲ. ಒಳಗೆ ಬಂದರೆ ಯಾರು ಏನಂತಾರೋ ಅನ್ನುವ ಅಳುಕು ಅವರಿಗಿತ್ತು. ಒಳಗಿದ್ದವರಲ್ಲಿ ಯಾರೂ ಹೊರಗೆ ಹೋಗಿ ಬನ್ನಿ ಅನ್ನಲಿಲ್ಲ, ಅಲ್ವಾ?

ಪ್ರಾರ್ಥನಾ ಕೂಟಕ್ಕೆ ಅವರು ಯಾಕೆ ಬರಲಿಲ್ಲ ಅನ್ನುವುದಕ್ಕೂ ಇದೇ ಉತ್ತರ. ಹೊಸ ಪಾಸ್ಟರ್ ಮನಸ್ಸು ಒಳ್ಳೆಯದು, ಅದರಲ್ಲಿ ಅನುಮಾನವಿಲ್ಲ. ಆದರೆ ಲೆಕ್ಕ ಕೇಳಿದವರಿಗೆ ಲೆಕ್ಕ ಸಿಕ್ಕಿಲ್ಲ, ಹಾಡು ಕೇಳಿದವರಿಗೆ ಹಾಡು ಸಿಕ್ಕಿಲ್ಲ. ಅಂಥವರಿಗೆ "ಎಲ್ಲ ಮರೆತು ಬನ್ನಿ" ಅಂದರೆ "ಬಾಯಿ ಮುಚ್ಚಿಕೊಂಡು ಬನ್ನಿ" ಅಂತಲೇ ಕೇಳಿಸುತ್ತದೆ. ಒಳಗೆ ಕೀವು ಬಿಟ್ಟು ಮೇಲೆ ಪಟ್ಟಿ ಕಟ್ಟಿದ ಹಾಗೆ. ನಾನು ನೋಡಿದ ಮಟ್ಟಿಗೆ ಒಡೆದ ಸಭೆ ಒಂದಾಗುವುದು ಕ್ಷಮೆಯ ಕೂಟದಿಂದಲ್ಲ, ದೂರಿಗೆ ಕಿವಿಗೊಟ್ಟು ದೂರಿದವರ ಕೈಗೇ ಕೆಲಸ ಕೊಟ್ಟಾಗ. ಕ್ಷಮೆ ಬೇಕೇ ಬೇಕು, ಅದಿಲ್ಲದೆ ಸಭೆ ಅಂತ ಕರೆಸಿಕೊಳ್ಳುವುದರಲ್ಲಿ ಅರ್ಥವೇ ಇಲ್ಲ. ಆದರೆ ಅದು ಈ ಕೆಲಸದ ದಾರಿಯಲ್ಲಿ ಬರುತ್ತದೆ, ಕೆಲಸಕ್ಕಿಂತ ಮುಂಚೆ ಎಳೆದು ತರೋಕಾಗಲ್ಲ.

ಇದು ನನ್ನ ಸ್ವಂತ ಬುದ್ಧಿಯಲ್ಲ. ಬೈಬಲಿನಲ್ಲಿ ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯ ತೆಗೆದು ನಿಧಾನವಾಗಿ ಓದಿ. ಯೆರೂಸಲೇಮಿನ ಮೊದಲ ಸಭೆಯ ಮೊದಲ ಗುಣುಗುಟ್ಟುವಿಕೆ ಅದು. ಗ್ರೀಕ್ ಮಾತಾಡುವವರು ಇಬ್ರಿಯ ಮಾತಾಡುವವರ ಮೇಲೆ ದೂರುತ್ತಾರೆ, ದಿನದ ಊಟ ಹಂಚುವಾಗ ನಮ್ಮ ವಿಧವೆಯರನ್ನು ಬಿಟ್ಟುಬಿಡುತ್ತಾರೆ ಎಂದು. ಅಂದರೆ ಭಾಷೆಯ ಜಗಳ ಮತ್ತು ಹಂಚಿಕೆಯ ಜಗಳ, ಎರಡೂ ಒಟ್ಟಿಗೆ. ನಿಮ್ಮ ಸಭೆಯದೇ ಕಥೆ! ಆಗ ಸಭೆ ನಡೆಸುತ್ತಿದ್ದ ಹನ್ನೆರಡು ಮಂದಿ ಅಪೊಸ್ತಲರು, ಅಂದರೆ ಯೇಸುವಿನ ಶಿಷ್ಯರು, ಏನು ಮಾಡಿದರು? ದೂರಿದವರನ್ನು ಗದರಿಸಲಿಲ್ಲ. ಉಪವಾಸ ಕೂಟ ಇಡಲಿಲ್ಲ. ಸಭೆಯನ್ನೆಲ್ಲ ಕರೆದು, ಹಂಚುವ ಕೆಲಸಕ್ಕೆ ನೀವೇ ಏಳು ಜನರನ್ನು ಆರಿಸಿಕೊಳ್ಳಿ ಅಂದರು. ಆರಿಸಿದವರ ಹೆಸರು ನೋಡಿ: ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಎಲ್ಲವೂ ಗ್ರೀಕ್ ಹೆಸರುಗಳೇ. ಯಾರ ಕಡೆಯಿಂದ ದೂರು ಬಂತೋ ಆ ಕಡೆಯವರ ಕೈಗೇ ಅಡುಗೆಮನೆಯ ಕೀಲಿ ಕೊಟ್ಟ ಹಾಗಾಯಿತು. ಅದಾದ ಮೇಲೇ ಪ್ರಾರ್ಥನೆ, ತಲೆಯ ಮೇಲೆ ಕೈಯಿಡುವುದು. ಆ ಕ್ರಮವನ್ನು ನಾವು ತಿರುವುಮುರುವು ಮಾಡಿಕೊಂಡಿದ್ದೇವೆ.

ಹಾಗಾಗಿ ಮೊದಲು ಲೆಕ್ಕ. ಹಾಲ್ ಕಟ್ಟಿದ ಲೆಕ್ಕವನ್ನು ಆಡಿಟರ್ ನೋಡಿ ಸಹಿ ಹಾಕಿದ್ದಾರೆ, ಸಾಕು ಅಂತ ನಿಮ್ಮ ಕಮಿಟಿಯವರು ಹೇಳುತ್ತಿರಬಹುದು. ಸಾಕಾಗುವುದಿಲ್ಲ. ಒಂದು ಪುಟದ ಬ್ಯಾಲೆನ್ಸ್ ಶೀಟ್ ನೋಡಿ ಯಾರ ಅನುಮಾನವೂ ಹೋಗಲ್ಲ. ಸಕಲೇಶಪುರದ ಕಡೆ ಒಂದು ಸಭೆಯಲ್ಲಿ ಇಂಥದೇ ಜಗಳಕ್ಕೆ ನಾನು ಹೋಗಿದ್ದೆ. ಅಲ್ಲಿ ನಾವು ಮಾಡಿದ್ದು ಇಷ್ಟೇ. ಆರಾಧನೆ ಮುಗಿದ ಮೇಲೆ ಊಟ ಮಾಡಿಸಿ, ಬೆಂಚುಗಳನ್ನು ಗುಂಡಗೆ ಹಾಕಿ, ಒಂದೊಂದೇ ಬಿಲ್ ಗಟ್ಟಿಯಾಗಿ ಓದಿದೆವು. ಬಿಲ್ ಓದಿದವರು ಟ್ರೆಷರರ್ ಅಲ್ಲ, ಅವರ ಮೇಲೆ ಆರೋಪ ಮಾಡಿದ್ದ ಹಿರಿಯರು. ಸಿಮೆಂಟ್ ಇಷ್ಟು ಮೂಟೆ, ಜಲ್ಲಿ ಇಷ್ಟು ಲೋಡ್, ಸೆಂಟ್ರಿಂಗ್ ಶೀಟಿನ ಬಾಡಿಗೆ, ಮರಳು. ಓದುತ್ತಾ ಓದುತ್ತಾ ಮೇಸ್ತ್ರಿಗೆ ಕೊಟ್ಟ ಅಡ್ವಾನ್ಸ್ ಬಂತು, ಅದಕ್ಕೆ ವೋಚರ್ ಇಲ್ಲ. ಗಲಾಟೆ ಶುರುವಾದದ್ದೂ ಅದೇ ದುಡ್ಡಿಗೆ. ನಾವು ಮೇಸ್ತ್ರಿಯನ್ನೂ ಬರಹೇಳಿದ್ದೆವು, ಅವರು ಕ್ರೈಸ್ತರಲ್ಲ, ಪಾಪ, ಹಿಂದಿನ ಬೆಂಚಿನಲ್ಲಿ ಸಂಕೋಚದಿಂದ ಕೂತಿದ್ದರು. ಎದ್ದು ಬಂದು ಜೇಬಿನಿಂದ ರಬ್ಬರ್ ಬ್ಯಾಂಡ್ ಸುತ್ತಿದ ಸಣ್ಣ ನೋಟ್‌ಬುಕ್ ತೆಗೆದರು. ತಾರೀಕು, ಮೊತ್ತ, ಕೊಟ್ಟವರ ಹೆಸರು ಎಲ್ಲ ಬರೆದಿತ್ತು. ಮೋಲ್ಡ್ ಹಾಕಿದ ದಿನ ಆಳುಗಳಿಗೆ ಹಾಕಿಸಿದ ಕೋಳಿ ಊಟದ ದುಡ್ಡು ಬಿಟ್ಟರೆ ಎಲ್ಲ ಸರಿಹೋಯಿತು. ಆ ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಷ್ಟನ್ನು ಆವತ್ತೇ ತೋರಿಸಿದ್ದರೆ ಸಾಕಿತ್ತಲ್ಲ" ಅಂದರು. ಟ್ರೆಷರರ್ ವಾದ ಮಾಡಲಿಲ್ಲ. ರಿಜಿಸ್ಟರ್ ಅವರ ಕಡೆ ತಳ್ಳಿ, "ನೀವೇ ಸೈನ್ ಮಾಡಿ" ಅಂದರು.

ನಿಮ್ಮಲ್ಲಿ ಲೆಕ್ಕ ಹೀಗೆ ಸರಿಹೋಗದೆಯೂ ಇರಬಹುದು. ದುಡ್ಡು ನಿಜಕ್ಕೂ ತಪ್ಪಿದ್ದರೆ ಅದನ್ನು ಬರೆದಿಟ್ಟು, ತಪ್ಪಿಸಿದವರಿಂದ ಕಟ್ಟಿಸಬೇಕು. ದಾಕ್ಷಿಣ್ಯಕ್ಕೆ ಬಿದ್ದರೆ ಮುಂದಿನ ಕಮಿಟಿಗೂ ಅದೇ ರೋಗ ದಾಟುತ್ತದೆ. ನಿಮ್ಮದು ಯಾವ ಪಂಗಡ ಅಂತ ನೀವು ಬರೆದಿಲ್ಲ. ಸ್ವತಂತ್ರ ಸಭೆಯಾಗಿ ಸೊಸೈಟಿ ನೋಂದಣಿ ಆಗಿದ್ದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಪ್ರಕಾರ ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಕರೆಯಬೇಕು, ಲೆಕ್ಕ ಮಂಡಿಸಬೇಕು. ಅಲ್ಲಿ ಲೆಕ್ಕ ಕೇಳುವುದು ಸದಸ್ಯರ ಹಕ್ಕು, ಅದನ್ನು ದಂಗೆ ಅಂತ ನೋಡಬೇಡಿ. ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಾದರೆ ಸಾಮಾನ್ಯವಾಗಿ ಆಸ್ತಿ ಸಿ.ಎಸ್.ಐ. ಟ್ರಸ್ಟ್ ಅಸೋಸಿಯೇಷನ್ ಹೆಸರಲ್ಲಿರುತ್ತದೆ, ಊರಿನ ಕಮಿಟಿಯ ಹೆಸರಲ್ಲಲ್ಲ. ಇದನ್ನು ಎರಡೂ ಗುಂಪಿಗೆ ಬಿಡಿಸಿ ಹೇಳಿ. "ಹಾಲ್ ಅವರದಾಗಿಬಿಡುತ್ತದೆ" ಅನ್ನುವ ಭಯಕ್ಕೇ ಎಷ್ಟೋ ಕಡೆ ಜಗಳ ಹೆಚ್ಚಾಗುತ್ತದೆ.

ಲೆಕ್ಕ ಓದುವ ದಿನ ಯಾವುದು ಅನ್ನುವುದೂ ಮುಖ್ಯ. ಅರೇಬಿಕಾ ಕಾಫಿಯ ಕೊಯ್ಲು ನವೆಂಬರ್‌ಗೆ ಹಿಡಿಯುತ್ತದೆ, ಆಮೇಲೆ ರೋಬಸ್ಟಾ ಮಾರ್ಚ್‌ವರೆಗೂ ಎಳೆಯುತ್ತದೆ. ಆ ಹೊತ್ತಲ್ಲಿ ಸಭೆ ಕರೆದರೆ ಲೈನಿನ ಕುಟುಂಬದವರು ಬರುವುದು ಕಷ್ಟ, ಬಾರದಿದ್ದರೆ "ಕರೆದರೂ ಬರಲಿಲ್ಲ" ಅನ್ನುವ ಮಾತು ಬೇರೆ. ಆದ್ದರಿಂದ ಈ ಅಕ್ಟೋಬರ್‌ನಲ್ಲೇ ಮುಗಿಸಿ.

ಹಾಡಿನ ವಿಷಯಕ್ಕೆ ಬರೋಣ. ಇದರಲ್ಲಿ ನಿಮ್ಮ ಹಿರಿಯರ ಮಾತನ್ನೂ ತಳ್ಳಿಹಾಕಬೇಡಿ. ಕನ್ನಡದಲ್ಲಿ ಆರಾಧನೆ ಉಳಿಸಿಕೊಳ್ಳಬೇಕು ಅನ್ನುವುದು ಕರ್ನಾಟಕದ ಕ್ರೈಸ್ತರಲ್ಲಿ ಹಳೆಯ ನೋವು, ಅದರ ಹಿಂದೆ ಎಷ್ಟೋ ವರ್ಷದ ಹೋರಾಟ ಇದೆ. ಆದರೆ ನಮ್ಮ ಮಲೆನಾಡಿನ ಸಭೆಗಳು ಯಾವತ್ತು ಒಂದೇ ಭಾಷೆಯವಾಗಿದ್ದವು ಹೇಳಿ? ಘಟ್ಟ ಹತ್ತಿ ಬಂದ ಕೊಂಕಣಿಯವರು, ತೋಟದ ಕೆಲಸಕ್ಕೆ ಬಂದ ತಮಿಳಿನವರು, ಕೇರಳದವರು, ಊರಿನ ಕನ್ನಡದವರು, ಎಲ್ಲ ಒಂದೇ ಬೆಂಚಲ್ಲಿ ಕೂತು ಬೆಳೆದವು. ಲೈನಿನ ಅಜ್ಜಿಗೆ ದುಃಖ ಬಂದಾಗ ಬಾಯಿಗೆ ಬರುವುದು ತಾಯಿ ಕಲಿಸಿದ ಹಾಡು. ಅದು ಕನ್ನಡದ ವಿರುದ್ಧ ಅಲ್ಲ. ನನ್ನ ಸಲಹೆ: ಆರಾಧನೆಯ ಕ್ರಮ, ಪ್ರಸಂಗ ಕನ್ನಡದಲ್ಲೇ ಇರಲಿ. ಪ್ರತಿ ಭಾನುವಾರ ಒಂದು ತಮಿಳು ಹಾಡನ್ನು ಕನ್ನಡ ಅಕ್ಷರದಲ್ಲಿ ಬರೆದು ಎಲ್ಲರಿಗೂ ಕೊಡಿ. ಎಲ್ಲರೂ ಹಾಡಲಿ, ತಮಿಳಿನವರಷ್ಟೇ ಅಲ್ಲ. ಒಂದೇ ರಾಗಕ್ಕೆ ಎರಡೂ ಭಾಷೆಯಲ್ಲಿ ಮಾತಿರುವ ಕೀರ್ತನೆಗಳು ಬೇಕಾದಷ್ಟಿವೆ, ಒಂದು ಚರಣ ಹೀಗೆ, ಇನ್ನೊಂದು ಹಾಗೆ ಹಾಡಬಹುದು. ಹಾಡು ಆರಿಸುವ ಕೆಲಸವನ್ನು ಆ ಕುಟುಂಬದ ಒಬ್ಬರಿಗೇ ಕೊಡಿ. ಕಮಿಟಿಯಲ್ಲೂ ಅವರಿಗೊಂದು ಜಾಗ ಇರಲಿ, ಬರೀ ಕುರ್ಚಿ ಎತ್ತಿಡುವುದಕ್ಕೆ ಕರೆಯುವುದಲ್ಲ.

ಇಲ್ಲೊಂದು ಕಹಿ ಮಾತು ಹೇಳಬೇಕು. ಭಾಷೆಯ ಜಗಳದ ಕೆಳಗೆ ಒಮ್ಮೊಮ್ಮೆ ಜಾತಿ ಮಲಗಿರುತ್ತದೆ. ಯಾರ ಮನೆಯಲ್ಲಿ ಕಾಫಿ ಕುಡಿಯುತ್ತಾರೆ, ಯಾರ ಮನೆಯ ಕೂಟಕ್ಕೆ ಹೋಗಿ ಊಟ ಮಾಡದೆ ಬರುತ್ತಾರೆ, ಯಾರ ಮನೆಗೆ ಹೆಣ್ಣು ಕೊಡಲ್ಲ, ಇದು ಎಲ್ಲರಿಗೂ ಗೊತ್ತು, ಬಾಯಿ ಬಿಡುವವರಿಲ್ಲ. ಅಂತಿಯೋಕ್ಯ ಪಟ್ಟಣದಲ್ಲಿ ಅಪೊಸ್ತಲ ಪೇತ್ರನು ಅನ್ಯಜನರ (ಯೆಹೂದ್ಯರಲ್ಲದವರ) ಜೊತೆ ಊಟ ಮಾಡುತ್ತಿದ್ದವನು, ಯೆರೂಸಲೇಮಿನಿಂದ ಕೆಲವರು ಬಂದ ಕೂಡಲೇ ಪಂಕ್ತಿಯಿಂದ ಸರಿದು ಕೂತ. ಅಪೊಸ್ತಲ ಪೌಲನು ಅವನನ್ನು ಎಲ್ಲರ ಮುಂದೆಯೇ ಎದುರಿಸಿದ, ಅವನ ಗಲಾತ್ಯ ಪತ್ರದ 2ನೇ ಅಧ್ಯಾಯದಲ್ಲಿದೆ. ಒಗ್ಗಟ್ಟು ಕೆಡುತ್ತದೆ ಅಂತ ಸುಮ್ಮನಿರಲಿಲ್ಲ. ನಿಮ್ಮಲ್ಲಿ ಇದು ಇದ್ದರೆ ಪಾಸ್ಟರ್ ಹೆಸರು ಹಿಡಿದು ಮಾತಾಡಲೇಬೇಕು. ಊಟದ ಸಾಲು ಒಂದಾಗದೆ ಕರ್ತನ ಮೇಜು ಒಂದಾಗಲ್ಲ. ಕೊರಿಂಥ ಪಟ್ಟಣದ ಸಭೆಯವರಿಗೂ ಪೌಲ ಬರೆದದ್ದು ಇದನ್ನೇ: ಕೆಲವರು ಮೊದಲೇ ತಿಂದು ಮುಗಿಸುತ್ತೀರಿ, ಇಲ್ಲದವನು ಹಸಿದು ಕೂರುತ್ತಾನೆ, ಇದು ಕರ್ತನ ಭೋಜನವೇ ಅಲ್ಲ.

ಕೊರಿಂಥದ ಮಾತು ಬಂದದ್ದರಿಂದ ಇನ್ನೆರಡು ವಿಷಯ. ಅಲ್ಲಿ ನಾಲ್ಕು ಗುಂಪು: ನಾನು ಪೌಲನವನು, ನಾನು ಅಪೊಲ್ಲೋಸನವನು (ಇವನೊಬ್ಬ ಬೋಧಕ), ನಾನು ಕೇಫನವನು (ಕೇಫ ಅಂದರೆ ಪೇತ್ರನೇ), ನಾನು ಕ್ರಿಸ್ತನವನು. ಈ ಸುದ್ದಿ ಪೌಲನಿಗೆ ಹೇಗೆ ಗೊತ್ತಾಯಿತು? ಖ್ಲೋಯೆಯ ಮನೆಯವರು ಹೇಳಿದರು ಅಂತ ಅವನು ಪತ್ರದಲ್ಲೇ ಹೆಸರು ಬರೆಯುತ್ತಾನೆ. "ಯಾರೋ ಹೇಳಿದರು" ಅನ್ನುವುದಿಲ್ಲ. ನಿಮ್ಮ ಸಭೆಯಲ್ಲಿ ಈಗ ಎರಡು ವಾಟ್ಸಾಪ್ ಗುಂಪು ಆಗಿರುತ್ತದೆ, ಒಂದರ ಸ್ಕ್ರೀನ್‌ಶಾಟ್ ಇನ್ನೊಂದಕ್ಕೆ ಹೋಗುತ್ತಿರುತ್ತದೆ, ಬರೆಯದಿದ್ದರೂ ನನಗೆ ಗೊತ್ತು. ಒಂದು ನಿಯಮ ಮಾಡಿಕೊಳ್ಳಿ: ಹೆಸರಿಲ್ಲದ ದೂರು ತಗೊಳ್ಳುವುದಿಲ್ಲ. ಮತ್ತಾಯ 18ರಲ್ಲಿ ಯೇಸು ಹೇಳಿದ ಕ್ರಮವೂ ಅದೇ, ಮೊದಲು ನೀನೂ ಅವನೂ ಇಬ್ಬರೇ, ಆಮೇಲೆ ಒಬ್ಬಿಬ್ಬರು ಸಾಕ್ಷಿ, ಆಮೇಲೆ ಸಭೆ. ನಾವು ಮೂರನೆಯದನ್ನು ಮೊದಲು ಮಾಡಿ ಮೊದಲನೆಯದನ್ನು ಮರೆತೇಬಿಡುತ್ತೇವೆ.

ಎರಡನೆಯದು, ಹಿಂದಿನ ಪಾಸ್ಟರ್. ನಿಮ್ಮ ಪತ್ರದಲ್ಲಿ ಅವರ ಮಾತೇ ಇಲ್ಲ, ಆದರೆ ಜಗಳ ಶುರುವಾದಾಗ ಅವರೇ ಇದ್ದಿರಬೇಕು. ವರ್ಗವಾಗಿ ಹೋದ ಮೇಲೂ ಒಂದು ಗುಂಪಿನ ಜೊತೆ ಫೋನಿನಲ್ಲಿ ಸಲಹೆ ಕೊಡುತ್ತಾ ಇರುವವರು ಬೇಕಾದಷ್ಟು ಜನ. ಕೊರಿಂಥ ಮೊದಲ ಪತ್ರದ ಕೊನೆಯಲ್ಲಿ ಒಂದು ಸಾಲಿದೆ: ಅಪೊಲ್ಲೋಸನನ್ನು ನಿಮ್ಮ ಬಳಿಗೆ ಹೋಗು ಅಂತ ಪೌಲನೇ ಬಹಳ ಕೇಳಿಕೊಂಡ, ಆದರೆ ಆಗ ಹೋಗಲು ಅವನಿಗೆ ಮನಸ್ಸಿರಲಿಲ್ಲ. ತನ್ನ ಹೆಸರಲ್ಲಿ ಗುಂಪು ಕಟ್ಟಿಕೊಂಡಿರುವ ಊರಿಗೆ ಅವನು ಆ ಹೊತ್ತಲ್ಲಿ ಕಾಲಿಡಲಿಲ್ಲ. ಪೌಲನಿಗೂ ಅವನ ಮೇಲೆ ಹೊಟ್ಟೆಕಿಚ್ಚಿರಲಿಲ್ಲ. ನಿಮ್ಮ ಹಿಂದಿನ ಪಾಸ್ಟರ್‌ಗೆ ಯಾರಾದರೂ ಹಿರಿಯರು ಮರ್ಯಾದೆಯಿಂದಲೇ ಹೇಳಲಿ: ಅಯ್ಯನವರೇ, ಸ್ವಲ್ಪ ಕಾಲ ಈ ಸಭೆಯ ಫೋನ್ ಎತ್ತಬೇಡಿ, ನಮಗಾಗಿ ಪ್ರಾರ್ಥನೆ ಮಾಡಿ ಸಾಕು.

ಪೊಲೀಸ್ ಕಂಪ್ಲೇಂಟ್, ಕೋರ್ಟು ಅಂತ ಯಾರಾದರೂ ಹೊರಟಿದ್ದರೆ ಈಗಲೇ ತಡೆಯಿರಿ. ಆಸ್ತಿ ದಾವೆ ಹಾಕಿದವರ ಮಕ್ಕಳ ಕಾಲಕ್ಕೂ ಮುಗಿಯದ್ದನ್ನು ಕಂಡಿದ್ದೇನೆ. ನಿಮ್ಮೊಳಗೆ ತೀರ್ಮಾನ ಆಗದೇ ಹೋದರೆ ಲೋಕ ಅದಾಲತ್ ಇದೆ, ಕೇಸ್ ದಾಖಲಾಗುವ ಮೊದಲೂ ಅಲ್ಲಿಗೆ ಹೋಗಬಹುದು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಪ್ರಕಾರ ಅಲ್ಲಿ ಎರಡೂ ಕಡೆ ಒಪ್ಪಿ ಆದ ತೀರ್ಮಾನಕ್ಕೆ ಸಿವಿಲ್ ಕೋರ್ಟಿನ ಡಿಕ್ರಿಯ ಬೆಲೆ ಇದೆ, ಮೇಲ್ಮನವಿ ಇಲ್ಲ. ಆದರೆ ಹೆಣ್ಣುಮಕ್ಕಳ ಮೇಲೋ ಮಕ್ಕಳ ಮೇಲೋ ದೌರ್ಜನ್ಯ ನಡೆದಿದ್ದರೆ ಈ ರಾಜಿ ಮಾತೇ ಬೇಡ. ಅದು ನೇರವಾಗಿ ಪೊಲೀಸರಿಗೆ ಹೋಗಬೇಕು. ಸಭೆಯ ಹೆಸರು ಉಳಿಸಲು ಅದನ್ನು ಮುಚ್ಚುವುದು ಪಾಪ.

ಎಷ್ಟು ದಿನ ಬೇಕಾಗುತ್ತದೆ ಅಂತ ಕೇಳುತ್ತೀರಿ. ಅವಸರ ಬೇಡ. ಸಿ.ಎಸ್.ಐ. ಹೇಗೆ ಹುಟ್ಟಿತು ನೋಡಿ. 1919ರಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ ಮಾತು ಶುರುವಾಯಿತು, ಆ್ಯಂಗ್ಲಿಕನ್, ಮೆಥೊಡಿಸ್ಟ್, ಕಾಂಗ್ರಿಗೇಷನಲ್, ಪ್ರೆಸ್ಬಿಟೇರಿಯನ್ ಪಂಗಡಗಳೆಲ್ಲ ಒಂದಾದದ್ದು 1947ರ ಸೆಪ್ಟೆಂಬರ್ 27ರಂದು, ಮದರಾಸಿನಲ್ಲಿ. 28 ವರ್ಷ! ಮುಂದೆ ನಿಂತು ನಡೆಸಿದ ಬಿಷಪ್ ಅಜರಯ್ಯನವರು ಆ ದಿನ ನೋಡಲಿಲ್ಲ, 1945ರಲ್ಲೇ ತೀರಿಕೊಂಡಿದ್ದರು. ಒಂದಾಗಲು ದಾರಿ ಮಾಡಿಕೊಟ್ಟದ್ದರಲ್ಲಿ ಒಂದು ಮಾತು ನಿಮಗೂ ಬೇಕಾದದ್ದು. ಯಾವ ಸಭೆಯ ಮೇಲೂ ಅದರ ಮನಸ್ಸಾಕ್ಷಿ ಒಪ್ಪದ ಆರಾಧನೆಯ ಕ್ರಮವನ್ನಾಗಲಿ ಬೋಧಕರನ್ನಾಗಲಿ ಹೇರುವುದಿಲ್ಲ ಅಂತ ಅವರು ಒಬ್ಬರಿಗೊಬ್ಬರು ವಾಗ್ದಾನ ಮಾಡಿಕೊಂಡರು. ಹೇರಲ್ಲ ಅನ್ನುವ ಧೈರ್ಯ ಸಿಕ್ಕಿದ ಮೇಲೆ ಜನ ಹತ್ತಿರ ಬಂದರು. ನಿಮ್ಮ ಇಪ್ಪತ್ತು ಮನೆಯವರಿಗೂ ಇಂಥ ಒಂದು ಮಾತು ಬರಹದಲ್ಲಿ ಕೊಡಿ. ಅವರ ಮನೆಯ ಆರಾಧನೆಯನ್ನು ನಾಳೆಯೇ ನಿಲ್ಲಿಸಿ ಅನ್ನಬೇಡಿ. ಮೊದಲು ತಿಂಗಳ ಒಂದು ಭಾನುವಾರ ಎಲ್ಲರೂ ಒಟ್ಟಿಗೆ, ಉಳಿದದ್ದು ಆಮೇಲೆ.

ಇಷ್ಟೆಲ್ಲ ಆದ ಮೇಲೂ ಮತ್ತೆ ಬಿರುಕು ಬರಬಹುದು. ಪೌಲನ ಪತ್ರ ಓದಿದ ಅದೇ ಕೊರಿಂಥದಲ್ಲಿ ಸುಮಾರು 40 ವರ್ಷದ ಮೇಲೆ ಹಿರಿಯರನ್ನೇ ಕೆಳಗಿಳಿಸಿ ಮತ್ತೆ ಒಡೆದುಕೊಂಡರು, ಆಗ ರೋಮಿನ ಸಭೆಯವರು ಉದ್ದದ ಪತ್ರ ಬರೆಯಬೇಕಾಯಿತು. ಪೌಲನೂ ಬಾರ್ನಬನೂ ಮಾರ್ಕನ ವಿಷಯಕ್ಕೆ ಜಗಳವಾಡಿ ಬೇರೆ ಬೇರೆ ದಾರಿ ಹಿಡಿದರು. ವರ್ಷಗಳು ಕಳೆದ ಮೇಲೆ ಸೆರೆಮನೆಯಿಂದ ತಿಮೊಥೆಯನಿಗೆ ಬರೆಯುವಾಗ, ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಬೇಕಾದವನು ಅನ್ನುತ್ತಾನೆ. ಆ ಸಾಲು ಓದಿದಾಗೆಲ್ಲ ನನ್ನ ಕಣ್ಣು ತುಂಬುತ್ತದೆ.

ಈಗ ನೀವು ಮತ್ತು ನಿಮ್ಮ ನಾದಿನಿ. ಗಂಡಸರು ಲೆಕ್ಕದ ಮೇಲೆ ಕೂರುವ ಮೊದಲೇ ನೀವಿಬ್ಬರೂ ಮಾಡಬಹುದಾದ ಕೆಲಸ ಇದೆ. ಫಿಲಿಪ್ಪಿಯದಲ್ಲಿ ಯುವೊದ್ಯ, ಸಂತುಕೆ ಅಂತ ಇಬ್ಬರು ಹೆಂಗಸರಿಗೆ ಆಗುತ್ತಿರಲಿಲ್ಲ. ಪೌಲ ಅವರಲ್ಲಿ ಯಾರದು ತಪ್ಪು ಅಂತ ಬರೆಯಲೇ ಇಲ್ಲ, ಇಬ್ಬರೂ ಸುವಾರ್ತೆಗಾಗಿ ನನ್ನ ಜೊತೆ ದುಡಿದವರು ಅಂತ ಹೇಳಿ, ಅವರಿಗೆ ಸಹಾಯ ಮಾಡು ಎಂದು ಮೂರನೆಯವರೊಬ್ಬರನ್ನು ಕೇಳಿಕೊಂಡ. ನಿಮಗೂ ಅಂಥ ಮೂರನೆಯವರು ಬೇಕು. ಎರಡೂ ಮನೆಗೆ ಬೇಕಾದ ಒಬ್ಬ ಅತ್ತೆಯೋ ಚಿಕ್ಕಮ್ಮನೋ ಇದ್ದೇ ಇರುತ್ತಾರೆ. ಅವರನ್ನು ಕರೆದುಕೊಂಡು ನಾದಿನಿಯ ಮನೆಗೆ ಹೋಗಿ. ಹಾಲ್ ಲೆಕ್ಕ ಎತ್ತಬೇಡಿ. "ದೊಡ್ಡಮ್ಮನ ಮಣ್ಣಿನ ದಿನ ನೀವು ಹೊರಗೆ ನಿಂತಿದ್ದನ್ನು ನೋಡಿದೆ, ನಾನು ಬಂದು ಕರೆಯಬೇಕಿತ್ತು, ಕರೆಯಲಿಲ್ಲ, ತಪ್ಪಾಯಿತು" ಅಂತ ಹೇಳಿ. ಅಷ್ಟು ನಿಮ್ಮ ಪಾಲಿನದು, ಅದಕ್ಕೆ ಕಮಿಟಿಯ ಒಪ್ಪಿಗೆ ಬೇಕಿಲ್ಲ. ಅವರು ಆ ದಿನವೇ ಕರಗದಿದ್ದರೂ ಬೇಜಾರಾಗಬೇಡಿ, ಕಾಫಿ ಕೊಟ್ಟರೆ ಕುಡಿದು ಬನ್ನಿ.

ಆಮೇಲೆ ಕ್ರಿಸ್‌ಮಸ್ ಕ್ಯಾರಲ್ಸ್ ಬರುತ್ತದೆ. ಯಾವ ರಾತ್ರಿ ಯಾರ ಮನೆಗೆ ಅನ್ನುವ ಪಟ್ಟಿ ಮಾಡುವುದು ಸಾಮಾನ್ಯವಾಗಿ ಯುವಜನರು ಮತ್ತು ನಿಮ್ಮ ಸ್ತ್ರೀಯರ ಕೂಟ. ಈ ಸಲ ಆ ಪಟ್ಟಿಯನ್ನು ನೀವೂ ನಾದಿನಿಯೂ ಕೂತು ಬರೆಯಿರಿ. 60 ಮನೆಯೂ ಇರಲಿ, ಲೈನ್ ಮನೆಗಳೂ ಇರಲಿ. ಎರಡೂ ಕಡೆಯ ಮಕ್ಕಳು ಒಂದೇ ಜೀಪಿನಲ್ಲಿ ಹೋಗಲಿ. ಲೈನಿನಲ್ಲಿ ಹಾಡುವಾಗ ತಮಿಳು ಹಾಡೊಂದು ಇರಲಿ, ಅದನ್ನು ಈಗಿನಿಂದಲೇ ಕಲಿಸಲು ಶುರು ಮಾಡಿ. ಪಾಸ್ಟರ್‌ಗೆ ಈ ಪತ್ರ ತೋರಿಸಿ. ಲೆಕ್ಕ ಓದುವ ದಿನ ಹೊರಗಿನ ಒಬ್ಬರು ಮಧ್ಯೆ ಕೂರಬೇಕು ಅನಿಸಿದರೆ ತಿಳಿಸಿ, ಅಕ್ಟೋಬರ್‌ನ ಯಾವ ಭಾನುವಾರವಾದರೂ ನಾನು ಬರುತ್ತೇನೆ.